ಓದುಗರ ಪ್ರಶ್ನೆಗಳಿಗೆ ಉತ್ತರ: ಮೂರು ತಿಂಗಳ ಮುಂಚಿನ ಹವಾಮಾನ ಮುನ್ಸೂಚನೆಯನ್ನು ಎಷ್ಟು ನಂಬಬಹುದು?

ಋತುಮಾನದ ಹವಾಮಾನ ಮುನ್ಸೂಚನೆಗಳ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಒಂದೇ ಅನುಮಾನ ಬೇರೆ ಬೇರೆ ಮಾತುಗಳಲ್ಲಿ ಕಾಣಿಸಿಕೊಂಡಿದೆ. ಇಂತಹ ಮುನ್ಸೂಚನೆಗಳಿಗೆ ನಿಜಕ್ಕೂ ಆಧಾರವಿದೆಯೇ, ಇದ್ದರೆ ಅವನ್ನು ನೆಚ್ಚಿಕೊಂಡು ಏನಾದರೊಂದು ನಿರ್ಧಾರ ಕೈಗೊಳ್ಳಬಹುದೇ ಎಂಬುದೇ ಆ ಅನುಮಾನ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಹತ್ತು ದಿನಗಳಾಚೆಯ ಮಳೆಯನ್ನೇ ಖಚಿತವಾಗಿ ಹೇಳಲಾಗದವರು ಮೂರು ತಿಂಗಳಾಚೆಯ ಮಳೆಯ ಬಗ್ಗೆ ಹೇಗೆ ಮಾತನಾಡುತ್ತಾರೆ? ಇದು ಬರಿಯ ಊಹೆಗೆ ವಿಜ್ಞಾನದ ಹೆಸರು ಕೊಟ್ಟಂತಾಗುವುದಿಲ್ಲವೇ?

ಉತ್ತರ: ನಿಮ್ಮ ಪ್ರಶ್ನೆಯ ಮೊದಲರ್ಧದಲ್ಲಿರುವ ಮಾತು ಸಂಪೂರ್ಣ ಸರಿ. ಅಮೆರಿಕದ ಎಂಐಟಿಯಲ್ಲಿದ್ದ ಎಡ್ವರ್ಡ್ ಲೊರೆನ್ಜ್ 1961ರಲ್ಲಿ ವಾತಾವರಣದ ಸರಳ ಮಾದರಿಯೊಂದನ್ನು ಕಂಪ್ಯೂಟರಿನಲ್ಲಿ ಓಡಿಸುತ್ತಿದ್ದರು. ಹಳೆಯ ಲೆಕ್ಕವೊಂದನ್ನು ನಡುವಿನಿಂದ ಮತ್ತೆ ಆರಂಭಿಸುವಾಗ, ಯಂತ್ರದ ಒಳಗಿದ್ದ 0.506127 ಎಂಬ ಸಂಖ್ಯೆಯ ಬದಲು ಕಾಗದದ ಮೇಲೆ ಅಚ್ಚಾಗಿದ್ದ 0.506 ಎಂಬುದನ್ನು ಅವರು ಕೊಟ್ಟರು. ಎರಡೂ ಲೆಕ್ಕಗಳು ಸ್ವಲ್ಪ ಕಾಲ ಒಂದೇ ಜಾಡಿನಲ್ಲಿ ಸಾಗಿ, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆಯಾದವು. ಆರಂಭದ ಸ್ಥಿತಿಯನ್ನು ಅಳೆಯುವುದರಲ್ಲಿ ಉಳಿಯುವ ಅತಿ ಸಣ್ಣ ತಪ್ಪು ಕೂಡ ದಿನದಿಂದ ದಿನಕ್ಕೆ ಬೆಳೆದು ಸುಮಾರು ಎರಡು ವಾರಗಳಲ್ಲಿ ಇಡೀ ಚಿತ್ರವನ್ನೇ ಕೆಡಿಸುತ್ತದೆ ಎಂಬ ಅರಿವು ಬೆಳೆದು ಬಂದದ್ದು ಈ ಬಗೆಯ ಕೆಲಸದಿಂದ. ಆದುದರಿಂದ ಇಂತಹ ತಿಂಗಳ ಇಂತಹ ದಿನಾಂಕದಂದು ಮಳೆ ಬರುತ್ತದೆ ಎಂದು ಮೂರು ತಿಂಗಳು ಮೊದಲೇ ಯಾರೂ ಹೇಳಲಾರರು. ಋತುಮಾನದ ಮುನ್ಸೂಚನೆ ಅದನ್ನು ಹೇಳುವುದೂ ಇಲ್ಲ.

ಅದು ಉತ್ತರಿಸ ಹೊರಡುವ ಪ್ರಶ್ನೆ ಬೇರೆಯದು: ಮುಂದಿನ ಮೂರು ತಿಂಗಳ ಒಟ್ಟು ಮಳೆ ಅಥವಾ ಸರಾಸರಿ ಉಷ್ಣತೆ, ವಾಡಿಕೆಗೆ ಹೋಲಿಸಿದರೆ ಯಾವ ಕಡೆಗೆ ವಾಲುವ ಸಾಧ್ಯತೆ ಹೆಚ್ಚು? ಈ ಪ್ರಶ್ನೆಗೆ ಉತ್ತರದ ಸುಳಿವು ಸಿಗುವುದು ಗಾಳಿಯಲ್ಲಲ್ಲ, ಗಾಳಿಯ ಕೆಳಗಿರುವ ಸಮುದ್ರದಲ್ಲಿ. ಸಮುದ್ರದ ಮೇಲ್ಪದರದ ಎರಡೂವರೆ ಮೂರು ಮೀಟರ್ ನೀರು ಹಿಡಿದಿಟ್ಟುಕೊಳ್ಳಬಲ್ಲ ಶಾಖವು ಅದರ ಮೇಲಿರುವ ಇಡೀ ವಾತಾವರಣ ಹಿಡಿದಿಟ್ಟುಕೊಳ್ಳಬಲ್ಲ ಶಾಖಕ್ಕೆ ಸಮ. ಹಾಗಾಗಿ ಸಮುದ್ರ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಒಮ್ಮೆ ಒಂದು ಕಡೆ ವಾಲಿದ ಮೇಲೆ ತಿಂಗಳುಗಟ್ಟಲೆ ಅದೇ ಸ್ಥಿತಿಯಲ್ಲಿ ಉಳಿದು, ಮೋಡಗಳು ಎಲ್ಲಿ ಕಟ್ಟಬೇಕು, ಗಾಳಿ ಯಾವ ದಿಕ್ಕಿಗೆ ಬೀಸಬೇಕು ಎಂಬುದನ್ನು ಪ್ರಭಾವಿಸುತ್ತಲೇ ಇರುತ್ತದೆ. ನೆಲದ ತೇವ, ಹಿಮದ ಹೊದಿಕೆ, ಧ್ರುವಪ್ರದೇಶದ ಸಮುದ್ರದ ಮಂಜುಗಡ್ಡೆ ಇವೂ ಸಣ್ಣ ಪ್ರಮಾಣದಲ್ಲಿ ಇದೇ ಕೆಲಸ ಮಾಡುತ್ತವೆ. ಉಷ್ಣವಲಯದಲ್ಲಿ ದಿನದಿನದ ಹವಾಮಾನವನ್ನು ಮುಂಗಾಣಲಾಗದಿದ್ದರೂ ಋತುವಿನ ಸರಾಸರಿಯನ್ನು ಇಂತಹ ನಿಧಾನಗತಿಯ ಅಂಶಗಳು ಗಣನೀಯವಾಗಿ ನಿರ್ಧರಿಸುತ್ತವೆ ಎಂಬ ವಾದವನ್ನು ಜೂಲ್ ಚಾರ್ನಿ ಮತ್ತು ಜೆ. ಶುಕ್ಲಾ 1981ರಲ್ಲಿ ಮುಂದಿಟ್ಟರು. ಇಂದಿನ ಋತುಮಾನ ಮುನ್ಸೂಚನೆಯ ಬಹುಭಾಗ ನಿಂತಿರುವುದು ಆ ವಾದದ ಮೇಲೆಯೇ.

ಕಾರ್ಯವಿಧಾನವನ್ನೂ ಸ್ವಲ್ಪ ಹೇಳಬೇಕು. ಯುರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರವು 2017ರಲ್ಲಿ ಬಳಕೆಗೆ ತಂದ ಋತುಮಾನ ವ್ಯವಸ್ಥೆಯು ಸಮುದ್ರ ಮತ್ತು ವಾತಾವರಣ ಎರಡನ್ನೂ ಒಳಗೊಂಡ ಮಾದರಿಯನ್ನು ಏಳು ತಿಂಗಳ ಮುಂದಿನವರೆಗೆ 51 ಬಾರಿ ಓಡಿಸುತ್ತದೆ. ಪ್ರತಿ ಬಾರಿಯೂ ಆರಂಭದ ಸ್ಥಿತಿಯಲ್ಲಿ ಸಣ್ಣ ವ್ಯತ್ಯಾಸ ಮಾಡಿರುತ್ತಾರೆ. ಲೊರೆನ್ಜ್ ತೋರಿಸಿದಂತೆ 51 ಓಟಗಳು 51 ದಾರಿ ಹಿಡಿಯುತ್ತವೆ. ಅವುಗಳಲ್ಲಿ 30 ಓಟಗಳು ಒಂದು ಪ್ರದೇಶಕ್ಕೆ ವಾಡಿಕೆಗಿಂತ ಹೆಚ್ಚು ಮಳೆಯನ್ನು ತೋರಿಸಿದರೆ ಅದು ಗಮನಿಸಬೇಕಾದ ಸುಳಿವು; 17 ಓಟಗಳು ಹೆಚ್ಚು, 17 ವಾಡಿಕೆಯಷ್ಟು, 17 ಕಡಿಮೆ ಎಂದರೆ ಆ ಪ್ರದೇಶದ ಬಗ್ಗೆ ಸಮುದ್ರವು ಈ ಸಲ ಏನನ್ನೂ ಹೇಳುತ್ತಿಲ್ಲ ಎಂದರ್ಥ.

ಪ್ರಶ್ನೆ: ‘ಹೆಚ್ಚು ಮಳೆಯಾಗುವ ಸಾಧ್ಯತೆ ಶೇ 60’ ಎನ್ನುತ್ತಾರೆ. ಮಳೆ ಬಂದರೆ ‘ನೋಡಿ, ಹೇಳಿದ್ದೆವು’ ಎನ್ನುತ್ತಾರೆ, ಬಾರದಿದ್ದರೆ ‘ಶೇ 40 ಸಾಧ್ಯತೆ ಇತ್ತಲ್ಲ’ ಎನ್ನುತ್ತಾರೆ. ಎಂದೂ ಸೋಲದ ಇಂತಹ ಮಾತನ್ನು ಪರೀಕ್ಷಿಸುವುದಾದರೂ ಹೇಗೆ?

ಉತ್ತರ: ಬಂದ ಪತ್ರಗಳಲ್ಲೆಲ್ಲ ಅತ್ಯಂತ ಮುಖ್ಯವಾದ ಪ್ರಶ್ನೆ ಇದು, ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಒಂದೇ ಒಂದು ಋತುವನ್ನು ಇಟ್ಟುಕೊಂಡು ಸಂಭವನೀಯತೆಯ ಮುನ್ಸೂಚನೆಯನ್ನು ಸರಿ ಎಂದೋ ತಪ್ಪು ಎಂದೋ ತೀರ್ಮಾನಿಸಲು ಆಗುವುದಿಲ್ಲ ಎಂಬುದು ನಿಜ. ಆದರೆ ಅನೇಕ ಋತುಗಳನ್ನು ಒಟ್ಟಿಗೆ ಇಟ್ಟುಕೊಂಡರೆ ಪರೀಕ್ಷೆ ಸಾಧ್ಯ, ಅದೂ ಬಹಳ ಕಠಿಣವಾದ ಪರೀಕ್ಷೆ. ಒಂದು ಸಂಸ್ಥೆ ಹಲವು ವರ್ಷಗಳಲ್ಲಿ, ಹಲವು ಪ್ರದೇಶಗಳಿಗೆ ‘ಶೇ 60’ ಎಂದು ಹೇಳಿದ ಸಂದರ್ಭಗಳನ್ನೆಲ್ಲ ಒಂದೆಡೆ ಸೇರಿಸಿ. ಅಂತಹ ಸಂದರ್ಭಗಳು 500 ಇದ್ದರೆ, ಹೇಳಿದ ಘಟನೆ ಸುಮಾರು 300 ಸಲ ನಡೆದಿರಬೇಕು. 200 ಸಲ ಮಾತ್ರ ನಡೆದಿದ್ದರೆ ಆ ಸಂಸ್ಥೆ ತನಗಿರುವ ತಿಳಿವಳಿಕೆಗಿಂತ ಹೆಚ್ಚಿನ ಆತ್ಮವಿಶ್ವಾಸದಿಂದ ಮಾತನಾಡುತ್ತಿದೆ; ‘ಶೇ 60’ ಎಂದಾಗ ನಾವು ‘ಶೇ 40’ ಎಂದು ಕೇಳಿಸಿಕೊಳ್ಳಬೇಕು. 400 ಸಲ ನಡೆದಿದ್ದರೆ ಅದು ಅಗತ್ಯಕ್ಕಿಂತ ಹಿಂಜರಿಯುತ್ತಿದೆ. ಗಮನಿಸಿ, ಈ ಲೆಕ್ಕದಲ್ಲಿ 500ಕ್ಕೆ 500 ಸಲ ನಡೆದರೂ ಅದು ದೋಷವೇ: ಅಷ್ಟು ಖಚಿತವಾಗಿ ನಡೆಯುವುದನ್ನು ‘ಶೇ 60’ ಎಂದು ಹೇಳಿದವರು ನಮಗೆ ಸಿಗಬೇಕಿದ್ದ ಮಾಹಿತಿಯನ್ನು ಪೂರ್ತಿ ಕೊಡಲಿಲ್ಲ. ಮುನ್ಸೂಚನಾ ಕೇಂದ್ರಗಳು ಈ ಬಗೆಯ ತಾಳೆ ನೋಡುವಿಕೆಯನ್ನು ನಕ್ಷೆಗಳ ರೂಪದಲ್ಲಿ ಪ್ರಕಟಿಸುತ್ತವೆ. ಸಂಭವನೀಯತೆಯ ಮುನ್ಸೂಚನೆಗೆ ಅಂಕ ಕೊಡುವ ವಿಧಾನವನ್ನು ಅಮೆರಿಕದ ಗ್ಲೆನ್ ಬ್ರಯರ್ 1950ರಲ್ಲೇ ರೂಪಿಸಿದ್ದರು. ಇಂದಿಗೂ ಅದು ಬಳಕೆಯಲ್ಲಿದೆ.

ಇಲ್ಲಿ ಎರಡು ಗುಣಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಹೇಳಿದ ಶೇಕಡಾವಾರು ಸಂಖ್ಯೆಯೂ ನಡೆದ ಸಂಗತಿಯೂ ತಾಳೆಯಾಗುವುದು ಒಂದು ಗುಣ. ಆ ಸಂಖ್ಯೆ ವಾಡಿಕೆಯ ಸಾಧ್ಯತೆಯಿಂದ ಎಷ್ಟು ದೂರ ಸರಿಯಬಲ್ಲದು ಎಂಬುದು ಇನ್ನೊಂದು. ಸಾಮಾನ್ಯವಾಗಿ ಕಳೆದ 30 ವರ್ಷಗಳ ಮಳೆಯನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಅತಿ ಕಡಿಮೆಯ ಹತ್ತು, ನಡುವಿನ ಹತ್ತು, ಅತಿ ಹೆಚ್ಚಿನ ಹತ್ತು ಎಂದು ಮೂರು ಭಾಗ ಮಾಡುತ್ತಾರೆ. ಯಾವ ಮಾಹಿತಿಯೂ ಇಲ್ಲದಿದ್ದಾಗ ಮೂರರಲ್ಲಿ ಪ್ರತಿಯೊಂದರ ಸಾಧ್ಯತೆಯೂ ಶೇ 33. ಪ್ರತಿ ವರ್ಷವೂ, ಪ್ರತಿ ಪ್ರದೇಶಕ್ಕೂ ‘ಮೂರರ ಸಾಧ್ಯತೆಯೂ ಶೇ 33’ ಎಂದಷ್ಟೇ ಹೇಳುವವನು ದೀರ್ಘಕಾಲದಲ್ಲಿ ಬಹುಮಟ್ಟಿಗೆ ತಾಳೆಯಾಗುತ್ತಾನೆ, ಆದರೆ ಅವನಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ. ಮುನ್ಸೂಚನೆ ಉಪಯುಕ್ತವಾಗುವುದು ಅದು ಶೇ 33ನ್ನು ಬಿಟ್ಟು ಶೇ 50ಕ್ಕೋ ಶೇ 60ಕ್ಕೋ ಹೋಗುವ ಧೈರ್ಯ ಮಾಡಿ, ಹಾಗೆ ಹೋದ ಮೇಲೂ ತಾಳೆಯಾದಾಗ. ನಕ್ಷೆಯ ಮೇಲೆ ‘ಸಮಾನ ಸಾಧ್ಯತೆ’ ಎಂದು ಬರೆದು ಬಿಳಿಯಾಗಿ ಬಿಟ್ಟ ಪ್ರದೇಶಗಳನ್ನು ಕಂಡು ಓದುಗರು ಬೇಸರಪಡುತ್ತಾರೆ. ನನ್ನ ದೃಷ್ಟಿಯಲ್ಲಿ ಆ ಬಿಳಿಯ ಭಾಗವೇ ಆ ಸಂಸ್ಥೆಯ ಪ್ರಾಮಾಣಿಕತೆಗೆ ಸಾಕ್ಷಿ.

ಪರೀಕ್ಷೆಯಲ್ಲಿ ಒಂದು ನಿಜವಾದ ತೊಡಕು ಇದೆ, ಅದನ್ನೂ ಮುಚ್ಚಿಡಬಾರದು. ನಾಳೆಯ ಮುನ್ಸೂಚನೆಯನ್ನು ವರ್ಷಕ್ಕೆ 365 ಸಲ ಒರೆಗೆ ಹಚ್ಚಬಹುದು. ಒಂದು ಋತುವಿನ ಮುನ್ಸೂಚನೆಯನ್ನು ವರ್ಷಕ್ಕೆ ಒಂದೇ ಸಲ. ಅದಕ್ಕಾಗಿಯೇ ಇಂದಿನ ಮಾದರಿಯನ್ನು ಹಿಂದಿನ ವರ್ಷಗಳ ಆರಂಭಸ್ಥಿತಿಯಿಂದ ಓಡಿಸಿ, ‘1995ರಲ್ಲಿ ನೀನಿದ್ದಿದ್ದರೆ ಏನು ಹೇಳುತ್ತಿದ್ದೆ’ ಎಂದು ಕೇಳುವ ಕ್ರಮವಿದೆ. ಮೇಲೆ ಹೇಳಿದ ಯುರೋಪಿನ ವ್ಯವಸ್ಥೆಗೆ ಇಂತಹ ಹಿಂಬರಹದ ಪರೀಕ್ಷೆಯನ್ನು 1981ರಿಂದ ಆರಂಭಿಸಿ ಮಾಡಿದ್ದಾರೆ. ಆದರೂ ಒಂದು ಋತುವಿಗೆ ಸಿಗುವುದು ಮೂವತ್ತು ನಲವತ್ತು ಉದಾಹರಣೆಗಳಷ್ಟೇ. ಅವುಗಳಲ್ಲಿ ಬಲವಾದ ಮುನ್ಸೂಚನೆ ಕೊಟ್ಟ ವರ್ಷಗಳು ಬೆರಳೆಣಿಕೆಯಷ್ಟು ಇರಬಹುದು. ಒಂದು ಸಣ್ಣ ಪ್ರದೇಶಕ್ಕೆ ‘ನಮ್ಮ ಮುನ್ಸೂಚನೆ ಇಷ್ಟೇ ಶೇಕಡಾ ನಿಖರ’ ಎಂದು ಯಾರಾದರೂ ದಶಮಾಂಶದವರೆಗೆ ಹೇಳಿದರೆ ಆ ನಿಖರತೆಯನ್ನೇ ಅನುಮಾನಿಸಬೇಕು.

ಪ್ರಶ್ನೆ: ಹಿಂದಿನ ಕಾಲದ ಅಂಕಿಅಂಶಗಳನ್ನು ನೋಡಿ ಮುಂದಿನ ಮಳೆ ಹೇಳುವ ವಿಧಾನ ಸಾಕಾಗುತ್ತಿರಲಿಲ್ಲವೇ? ಸೂಪರ್ ಕಂಪ್ಯೂಟರಿನ ಅಗತ್ಯವೇನು?

ಉತ್ತರ: ಆ ವಿಧಾನಕ್ಕೆ ದೊಡ್ಡ ಇತಿಹಾಸವೇ ಇದೆ. ಭಾರತದಲ್ಲಿ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮದ ಹೊದಿಕೆಯನ್ನು ಆಧರಿಸಿ 1886ರಲ್ಲಿ ಮುಂಗಾರಿನ ಋತುಮಾನ ಮುನ್ಸೂಚನೆ ಕೊಟ್ಟರು. ಹಿಮ ಹೆಚ್ಚಾದರೆ ಮಳೆ ಕಡಿಮೆ ಎಂಬುದು ಅವರು ಕಂಡುಕೊಂಡ ಸಂಬಂಧ. 1904ರಿಂದ ಎರಡು ದಶಕ ಭಾರತದ ಹವಾಮಾನ ಇಲಾಖೆಯನ್ನು ನಡೆಸಿದ ಗಣಿತಜ್ಞ ಗಿಲ್ಬರ್ಟ್ ವಾಕರ್ ಜಗತ್ತಿನ ನಾನಾ ಕಡೆಯ ವಾಯುಭಾರ, ಉಷ್ಣತೆ, ಮಳೆಗಳ ದಾಖಲೆಗಳನ್ನು ತಾಳೆ ಹಾಕಿಸಿದರು. ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುವ, ಅಲ್ಲಿ ಇಳಿದಾಗ ಇಲ್ಲಿ ಏರುವ ದಕ್ಷಿಣದ ತುಯ್ದಾಟವನ್ನು ಅವರು ಗುರುತಿಸಿದ್ದು ಆ ಲೆಕ್ಕಗಳ ನಡುವೆ. ಅದಕ್ಕೆ ಕಾರಣ ತಿಳಿದದ್ದು ಬಹಳ ತಡವಾಗಿ. 1969ರಲ್ಲಿ ಜೇಕಬ್ ಬ್ಯರ್ಕ್ನೆಸ್, ಪೆಸಿಫಿಕ್ ಸಾಗರದ ಸಮಭಾಜಕ ಪಟ್ಟಿ ಬಿಸಿಯಾಗುವ ಎಲ್ ನಿನೋ ಮತ್ತು ವಾಕರ್ ಕಂಡ ತುಯ್ದಾಟ ಒಂದೇ ವಿದ್ಯಮಾನದ ಎರಡು ಮುಖಗಳೆಂದು ವಿವರಿಸಿದರು.

ಅಂಕಿಅಂಶಗಳ ವಿಧಾನದ ಅಪಾಯ ಇರುವುದು ಕಾರಣ ತಿಳಿಯದೆಯೇ ಸಂಬಂಧವನ್ನು ನಂಬುವುದರಲ್ಲಿ. ಮಳೆಗೆ ಯಾವ ಸಂಬಂಧವೂ ಇಲ್ಲದ ನೂರು ಅಂಶಗಳನ್ನು ತೆಗೆದುಕೊಂಡು ಮಳೆಯ ದಾಖಲೆಯೊಡನೆ ಹೋಲಿಸಿದರೂ, ರೂಢಿಯಲ್ಲಿರುವ ಶೇ 5ರ ಅಳತೆಗೋಲಿನಲ್ಲಿ ಸುಮಾರು ಐದು ಅಂಶಗಳು ಕೇವಲ ಆಕಸ್ಮಿಕವಾಗಿ ‘ಸಂಬಂಧವುಳ್ಳವು’ ಎಂದು ತೇರ್ಗಡೆಯಾಗುತ್ತವೆ. ಅವನ್ನೇ ಆಯ್ದು ಸೂತ್ರ ಕಟ್ಟಿದರೆ ಹಳೆಯ ವರ್ಷಗಳಿಗೆ ಅದು ಬೆರಗಾಗುವಷ್ಟು ಹೊಂದುತ್ತದೆ, ಮುಂದಿನ ವರ್ಷಕ್ಕೆ ಕೈಕೊಡುತ್ತದೆ. ನಿಜವಾದ ಸಂಬಂಧಗಳು ಕೂಡ ದಶಕಗಳು ಕಳೆದಂತೆ ಬಲವಾಗುತ್ತವೆ, ಸಡಿಲವಾಗುತ್ತವೆ. ಭಾರತದ ಹವಾಮಾನ ಇಲಾಖೆ 1988ರಿಂದ 16 ಅಂಶಗಳ ಸೂತ್ರವೊಂದನ್ನು ಬಳಸುತ್ತಿತ್ತು. 2002ರಲ್ಲಿ ಅದು ದೀರ್ಘಾವಧಿ ಸರಾಸರಿಯ ಶೇ 101ರಷ್ಟು ಮಳೆಯಾಗುತ್ತದೆಂದು ಸೂಚಿಸಿತು. ಆಗಿದ್ದು ಶೇ 81. ಆ ವರ್ಷದ ಜುಲೈ ತಿಂಗಳ ಮಳೆ ವಾಡಿಕೆಯ ಅರ್ಧದ ಆಸುಪಾಸಿನಲ್ಲೇ ನಿಂತಿತು. ಇಲಾಖೆ ಮರುವರ್ಷವೇ ಆ ಸೂತ್ರವನ್ನು ಬದಲಿಸಿತು, ಮತ್ತು 2021ರಿಂದ ಹಲವು ಜಾಗತಿಕ ಮಾದರಿಗಳನ್ನು ಒಟ್ಟುಗೂಡಿಸುವ ಕ್ರಮವನ್ನು ಅಳವಡಿಸಿಕೊಂಡಿತು.

ಭೌತನಿಯಮಗಳನ್ನು ಆಧರಿಸಿದ ಮಾದರಿಗಳಿಗೂ ದೋಷಗಳಿವೆ; ಅವು ಸಮುದ್ರವನ್ನು ಇರುವುದಕ್ಕಿಂತ ತಣ್ಣಗೆ ತೋರಿಸುತ್ತವೆ, ಮಳೆಯನ್ನು ತಪ್ಪು ಜಾಗದಲ್ಲಿ ಸುರಿಸುತ್ತವೆ. ಆದರೆ ಹಿಂದೆಂದೂ ಕಾಣದ ಸ್ಥಿತಿ ಎದುರಾದಾಗ ಅವು ಏನನ್ನಾದರೂ ಕಾರಣಸಹಿತವಾಗಿ ಹೇಳಬಲ್ಲವು. ಮಾರ್ಕ್ ಕೇನ್ ಮತ್ತು ಸ್ಟೀಫನ್ ಝೆಬಿಯಾಕ್ 1986ರಲ್ಲಿ ಇಂತಹ ಸರಳ ಮಾದರಿಯೊಂದರಿಂದ ಎಲ್ ನಿನೋ ಬರುವುದನ್ನು ಮೊದಲೇ ಹೇಳಿದ್ದು ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು.

ಪ್ರಶ್ನೆ: ಎಲ್ ನಿನೋ ಬಂತೆಂದರೆ ಬರಗಾಲ ಖಚಿತವೇ?

ಉತ್ತರ: ಖಚಿತವಲ್ಲ. ಪೆಸಿಫಿಕ್‌ನ ಮಧ್ಯಭಾಗದ ಒಂದು ನಿಗದಿತ ಪಟ್ಟಿಯಲ್ಲಿ ಸಮುದ್ರದ ಮೇಲ್ಮೈ ಉಷ್ಣತೆ ಸರಾಸರಿಗಿಂತ 0.5 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ, ತಿಂಗಳುಗಳ ಕಾಲ ಹಾಗೆಯೇ ಉಳಿದರೆ ಅದನ್ನು ಎಲ್ ನಿನೋ ಎನ್ನುತ್ತಾರೆ. 1997ರಲ್ಲಿ ಅದು ಎರಡು ಡಿಗ್ರಿಗೂ ಮೀರಿ ಏರಿತು. ಆದರೂ ಭಾರತದ ಮುಂಗಾರು ಮಳೆ ಸರಾಸರಿಯ ಶೇ 102ರಷ್ಟಾಯಿತು. 2002ರ ಎಲ್ ನಿನೋ ಅದಕ್ಕಿಂತ ಬಹಳ ದುರ್ಬಲವಾಗಿತ್ತು, ಮಳೆ ಮಾತ್ರ ತೀವ್ರವಾಗಿ ಕೈಕೊಟ್ಟಿತು. 2009ರಲ್ಲಿ ಶೇ 78 ಮಳೆಯಾಯಿತು, 2015ರಲ್ಲಿ ಶೇ 86. ಒಂದೇ ಹೆಸರಿನ ಸ್ಥಿತಿ ಇಷ್ಟು ಬೇರೆ ಬೇರೆ ಫಲ ಕೊಡುವುದಕ್ಕೆ ಹಲವು ಕಾರಣಗಳಿವೆ. ಬಿಸಿನೀರು ಪೆಸಿಫಿಕ್‌ನ ಪೂರ್ವ ಅಂಚಿನಲ್ಲಿದೆಯೋ ಮಧ್ಯದಲ್ಲಿದೆಯೋ ಎಂಬುದು ಮುಖ್ಯ. 1999ರಲ್ಲಿ ವಿಜ್ಞಾನಿಗಳು ವಿವರಿಸಿದ ಹಿಂದೂ ಮಹಾಸಾಗರದ ದ್ವಿಧ್ರುವ ಸ್ಥಿತಿಯೂ ಮುಖ್ಯ. ಆಫ್ರಿಕಾದ ಕಡೆಯ ಹಿಂದೂ ಮಹಾಸಾಗರ ಬಿಸಿಯಾಗಿ ಇಂಡೊನೇಷ್ಯಾದ ಕಡೆಯದು ತಣ್ಣಗಿದ್ದರೆ ಅದು ಎಲ್ ನಿನೋದ ಪ್ರಭಾವವನ್ನು ಭಾಗಶಃ ತಗ್ಗಿಸಬಲ್ಲದು. 1997ರಲ್ಲಿ ಆ ಸ್ಥಿತಿ ಬಲವಾಗಿಯೇ ಇತ್ತು.

ಕ್ಯಾಲಿಫೋರ್ನಿಯಾದ ಅನುಭವವೂ ಇದನ್ನೇ ಹೇಳುತ್ತದೆ. 2015–16ರ ಪ್ರಬಲ ಎಲ್ ನಿನೋ ಚಳಿಗಾಲದಲ್ಲಿ ಅದರ ದಕ್ಷಿಣ ಭಾಗಕ್ಕೆ ಧಾರಾಳ ಮಳೆ ನಿರೀಕ್ಷಿಸಲಾಗಿತ್ತು, ಅದು ಬರಲಿಲ್ಲ. 2022–23ರ ಚಳಿಗಾಲದಲ್ಲಿ ಪೆಸಿಫಿಕ್ ತಣ್ಣಗಿದ್ದು ಲಾ ನಿನಾ ನಡೆಯುತ್ತಿದ್ದುದರಿಂದ ಒಣ ಋತುವಿನ ಸಾಧ್ಯತೆ ಹೆಚ್ಚೆಂದು ಭಾವಿಸಲಾಗಿತ್ತು; ಬದಲಿಗೆ ಬಿರುಗಾಳಿಗಳು ಒಂದರ ಹಿಂದೊಂದು ಬಂದು ನೆರೆಯನ್ನೂ ಬೆಟ್ಟಗಳ ಮೇಲೆ ಭಾರಿ ಹಿಮವನ್ನೂ ತಂದವು.

ಎಲ್ ನಿನೋವನ್ನೇ ಮೊದಲು ಹೇಳುವುದೂ ಎಲ್ಲ ತಿಂಗಳುಗಳಲ್ಲಿ ಒಂದೇ ರೀತಿ ಸುಲಭವಲ್ಲ. ಮಾರ್ಚ್‌ನಿಂದ ಮೇ ವರೆಗಿನ ಅವಧಿಯಲ್ಲಿ ಪೆಸಿಫಿಕ್‌ನ ಗಾಳಿ ಮತ್ತು ನೀರಿನ ನಡುವಣ ಬಂಧ ಸಡಿಲವಾಗಿರುವುದರಿಂದ, ಆ ತಿಂಗಳುಗಳನ್ನು ದಾಟಿ ನೋಡುವ ಮುನ್ಸೂಚನೆಗಳು ಮುಗ್ಗರಿಸುತ್ತವೆ. 2014ರ ಆರಂಭದಲ್ಲಿ ಪ್ರಬಲ ಎಲ್ ನಿನೋ ಬರುತ್ತದೆಂಬ ನಿರೀಕ್ಷೆ ವ್ಯಾಪಕವಾಗಿತ್ತು. ಆ ವರ್ಷ ಅದು ಬಲಿಯಲಿಲ್ಲ, ಮರುವರ್ಷ ಬಂತು. 1982ರಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು: ಮೆಕ್ಸಿಕೊದ ಎಲ್ ಚಿಚೊನ್ ಜ್ವಾಲಾಮುಖಿಯ ಕಣಗಳು ಉಪಗ್ರಹಗಳ ಅಳತೆಯನ್ನು ದಾರಿ ತಪ್ಪಿಸಿದ್ದರಿಂದ, ಶತಮಾನದ ಅತಿ ದೊಡ್ಡ ಎಲ್ ನಿನೋಗಳಲ್ಲಿ ಒಂದು ಬಹಳ ಮುಂದುವರಿಯುವ ತನಕ ಅದರ ಗುರುತೇ ಸಿಗಲಿಲ್ಲ. ಪೆಸಿಫಿಕ್ ಉದ್ದಕ್ಕೂ ತೇಲುವ ಅಳತೆ ಉಪಕರಣಗಳ ಸಾಲನ್ನು ನಿಲ್ಲಿಸುವ ಕೆಲಸಕ್ಕೆ ಆ ಘಟನೆ ಒತ್ತಾಸೆಯಾಯಿತು. 1994ರ ಹೊತ್ತಿಗೆ ಆ ಸಾಲು ಪೂರ್ಣಗೊಂಡಿತು. ಮಾದರಿಗಳ ಬಗ್ಗೆ ಎಷ್ಟೇ ಚರ್ಚಿಸಿದರೂ, ಸಮುದ್ರದಲ್ಲಿ ನಿಂತು ಅಳೆಯುವ ಈ ಉಪಕರಣಗಳನ್ನು ಸುಸ್ಥಿತಿಯಲ್ಲಿಡದಿದ್ದರೆ ಮುನ್ಸೂಚನೆಯ ಬುಡವೇ ಕುಸಿಯುತ್ತದೆ.

ಪ್ರಶ್ನೆ: ಈ ಮುನ್ಸೂಚನೆ ಜಗತ್ತಿನ ಎಲ್ಲ ಕಡೆಯೂ ಒಂದೇ ಮಟ್ಟದಲ್ಲಿ ನಂಬಿಕೆಗೆ ಅರ್ಹವೇ?

ಉತ್ತರ: ಇಲ್ಲ, ಮತ್ತು ಈ ವ್ಯತ್ಯಾಸ ಬಹಳ ದೊಡ್ಡದು. ಉಷ್ಣವಲಯದಲ್ಲಿ, ಅದರಲ್ಲೂ ಪೆಸಿಫಿಕ್‌ನ ಅಂಚಿನ ದೇಶಗಳಲ್ಲಿ, ಇಂಡೊನೇಷ್ಯಾದಲ್ಲಿ, ಬ್ರೆಜಿಲ್‌ನ ಈಶಾನ್ಯದಲ್ಲಿ, ಪೂರ್ವ ಆಫ್ರಿಕಾದ ವರ್ಷಾಂತ್ಯದ ಮಳೆಗಾಲದಲ್ಲಿ ಇದರ ಸಾಮರ್ಥ್ಯ ಚೆನ್ನಾಗಿದೆ. ಮಧ್ಯ ಅಕ್ಷಾಂಶಗಳಿಗೆ ಹೋದಂತೆ ಸಮುದ್ರದ ಸುಳಿವು ಕ್ಷೀಣಿಸಿ, ವಾತಾವರಣದ ಸ್ವಂತ ಏರುಪೇರು ಮೇಲುಗೈ ಪಡೆಯುತ್ತದೆ. ಬ್ರಿಟನ್ನಿನ ಮೆಟ್ ಆಫೀಸ್ 2009ರ ಬೇಸಿಗೆ ಬೆಚ್ಚಗೆ, ಹೊರಾಂಗಣದ ಕೂಟಗಳಿಗೆ ಅನುಕೂಲವಾಗಿ ಇರುವ ಸಂಭವ ಹೆಚ್ಚೆಂದು ಹೇಳಿತು. ಜುಲೈ ತಿಂಗಳಲ್ಲಿ ಧಾರಾಕಾರ ಮಳೆ ಸುರಿದು ಜನ ಸಿಟ್ಟಾದರು. ಮರುವರ್ಷ ಆ ಸಂಸ್ಥೆ ಸಾರ್ವಜನಿಕರಿಗಾಗಿ ಅಂತಹ ಋತುಮಾನ ಮುನ್ಸೂಚನೆ ಹೊರಡಿಸುವುದನ್ನು ನಿಲ್ಲಿಸಿತು. ಸಾಧ್ಯತೆಯ ಲೆಕ್ಕವೊಂದನ್ನು ಆಕರ್ಷಕ ಶೀರ್ಷಿಕೆಯ ಮಾತಾಗಿ ಮಾಡಿದ್ದೇ ಅಲ್ಲಿ ಆದ ದೊಡ್ಡ ನಷ್ಟವೆಂದು ನನಗೆ ಅನಿಸುತ್ತದೆ. ಅದೇ ಸಂಸ್ಥೆಯ ವಿಜ್ಞಾನಿಗಳು 2014ರಲ್ಲಿ, ಉತ್ತರ ಅಟ್ಲಾಂಟಿಕ್‌ನ ಚಳಿಗಾಲದ ವಾಯುಭಾರದ ಏರಿಳಿತವನ್ನು ತಿಂಗಳುಗಳ ಮೊದಲೇ ಸೂಚಿಸಬಹುದೆಂದು ತೋರಿಸಿದರು. ಸೂಚಿಸಿದ್ದಕ್ಕೂ ನಡೆದದ್ದಕ್ಕೂ ನಡುವೆ ಸಹಸಂಬಂಧ (ಪೂರ್ತಿ ಹೊಂದಿದರೆ 1, ಹೊಂದಾಣಿಕೆಯೇ ಇಲ್ಲದಿದ್ದರೆ 0) 0.6ರ ಸುಮಾರಿಗಿತ್ತು. ಯುರೋಪಿನ ಚಳಿಗಾಲ ಮುಂಗಾಣಲಾಗದ್ದು ಎಂಬ ಹಳೆಯ ನಿಲುವನ್ನು ಇದು ಅಲುಗಿಸಿತು.

ಮಳೆಗಿಂತ ಉಷ್ಣತೆಯನ್ನು ಹೇಳುವುದು ಸುಲಭ. ಇದರಲ್ಲಿ ಒಂದು ಪಾಲು ಭೂಮಿ ಬಿಸಿಯಾಗುತ್ತಿರುವುದರಿಂದ ತಾನಾಗಿಯೇ ಬರುವ ಯಶಸ್ಸು: ಹೋಲಿಕೆಗೆ ಇಟ್ಟುಕೊಂಡ ಮೂವತ್ತು ವರ್ಷಗಳಿಗಿಂತ ಇಂದಿನ ವರ್ಷಗಳು ಬೆಚ್ಚಗಿರುವುದರಿಂದ, ‘ಸರಾಸರಿಗಿಂತ ಹೆಚ್ಚು ಉಷ್ಣತೆ’ ಎಂದವರು ಹೆಚ್ಚಿನ ಸಲ ಸರಿಯಾಗುತ್ತಾರೆ. ಹಾಗೆಯೇ, ವಿಶಾಲ ಪ್ರದೇಶದ ಒಟ್ಟು ಮಳೆಗೆ ಕೊಟ್ಟ ಮುನ್ಸೂಚನೆಯನ್ನು ಒಂದು ತಾಲ್ಲೂಕಿನಷ್ಟು ಸಣ್ಣ ಜಾಗಕ್ಕೆ ಅನ್ವಯಿಸಬಾರದು. ದೇಶದ ಸರಾಸರಿ ಸರಿಯಾಗಿಯೇ ಇದ್ದು, ಒಂದು ಭಾಗದಲ್ಲಿ ನೆರೆಯೂ ಇನ್ನೊಂದರಲ್ಲಿ ಬರವೂ ಬಂದಿರಲು ಸಾಧ್ಯ. ಮಳೆ ಯಾವ ವಾರ ಬಿಡುವು ಕೊಡುತ್ತದೆ ಎಂಬುದು ಋತುವಿನ ಒಟ್ಟು ಮೊತ್ತದಿಂದ ತಿಳಿಯುವುದಿಲ್ಲ. ಅದಕ್ಕೆ ಎರಡರಿಂದ ನಾಲ್ಕು ವಾರಗಳ ಮುನ್ಸೂಚನೆಯನ್ನೇ ನೋಡಬೇಕು. ಅದರ ಆಧಾರ 1971ರಲ್ಲಿ ರೋಲಂಡ್ ಮ್ಯಾಡನ್ ಮತ್ತು ಪಾಲ್ ಜೂಲಿಯನ್ ಗುರುತಿಸಿದ, ಉಷ್ಣವಲಯವನ್ನು ಪೂರ್ವಾಭಿಮುಖವಾಗಿ ಸುತ್ತುವ ಮೋಡಗಳ ಅಲೆಯಂತಹ ಬೇರೆಯೇ ಸಂಗತಿಗಳು.

ಪ್ರಶ್ನೆ: ನನ್ನ ಮೊಬೈಲಿನ ಆ್ಯಪ್ ಒಂದರಲ್ಲಿ ಮುಂದಿನ ತೊಂಬತ್ತು ದಿನಗಳ ಪ್ರತಿದಿನದ ಉಷ್ಣತೆ ಮತ್ತು ಮಳೆ ಕಾಣಿಸುತ್ತದೆ. ಅದನ್ನು ನಂಬಬಹುದೇ?

ಉತ್ತರ: ಬೇಡ. ಹೆಚ್ಚೆಂದರೆ ಮೊದಲ ಎಂಟು ಹತ್ತು ದಿನಗಳ ಅಂಕಿಗಳಿಗೆ ಅರ್ಥವಿದೆ. ಆಮೇಲಿನ ದಿನಗಳಿಗೆ ಕಾಣಿಸುವುದು ಆಯಾ ದಿನಾಂಕದ ಹಳೆಯ ಸರಾಸರಿ ಆಗಿರಬಹುದು, ಅಥವಾ ಮಾದರಿಯ ಒಂದೇ ಒಂದು ಓಟದ ಫಲವಾಗಿರಬಹುದು. ಎರಡೂ ಆ ದಿನದ ಮುನ್ಸೂಚನೆ ಅಲ್ಲ. ಅನಿಶ್ಚಿತತೆಯನ್ನು ಹೇಳದೆ ದಿನವಾರು ಅಂಕಿ ಕೊಡುವುದು ಓದುಗರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಪ್ರಶ್ನೆ: ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಸಮಸ್ಯೆ ಬಗೆಹರಿಯಲಿಲ್ಲವೇ?

ಉತ್ತರ: ಹತ್ತು ದಿನಗಳ ಒಳಗಿನ ಮುನ್ಸೂಚನೆಯಲ್ಲಿ ಯಂತ್ರಕಲಿಕೆಯ ಮಾದರಿಗಳು ಕೆಲವೇ ವರ್ಷಗಳಲ್ಲಿ ದೊಡ್ಡ ಸಾಧನೆ ತೋರಿವೆ. ಆದರೆ ಕಲಿಯಲು ಉದಾಹರಣೆಗಳು ಬೇಕು. ದಿನದ ಹವಾಮಾನಕ್ಕೆ ನಲವತ್ತು ವರ್ಷಗಳಲ್ಲಿ ಸುಮಾರು 14,600 ದಿನಗಳು ಸಿಗುತ್ತವೆ. ಒಂದು ನಿರ್ದಿಷ್ಟ ಋತುವಿಗೆ ಸಿಗುವುದು ನಲವತ್ತೇ ಉದಾಹರಣೆಗಳು. ಬ್ಲಾನ್‌ಫೋರ್ಡ್ ಮತ್ತು ವಾಕರ್ ಎದುರಿಸಿದ ಕೊರತೆಯೇ ಇದು. 2019ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳ ನೇತೃತ್ವದ ತಂಡವೊಂದು ಇದನ್ನು ದಾಟಲು, ಹವಾಗುಣ ಮಾದರಿಗಳು ಸೃಷ್ಟಿಸಿದ ವರ್ಷಗಳ ಮೇಲೆ ಮೊದಲು ಯಂತ್ರವನ್ನು ಕಲಿಸಿ, ಆಮೇಲೆ ನಿಜವಾದ ದಾಖಲೆಯಿಂದ ತಿದ್ದಿತು. ಎಲ್ ನಿನೋವನ್ನು ಸುಮಾರು ಒಂದೂವರೆ ವರ್ಷ ಮೊದಲೇ ಉಪಯುಕ್ತ ಮಟ್ಟದಲ್ಲಿ ಸೂಚಿಸಬಹುದೆಂದು ತೋರಿಸಿತು. ಇದು ಭರವಸೆಯ ದಾರಿ. ಆದರೆ ವಾತಾವರಣದ ಸ್ವಂತ ಏರುಪೇರಿನಿಂದ ಬರುವ ಅನಿಶ್ಚಿತತೆಯನ್ನು ಯಾವ ಯಂತ್ರವೂ ಕಳೆಯಲಾರದು.

ಪ್ರಶ್ನೆ: ಹಾಗಾದರೆ ಬೆಳೆಗಾರರು, ಜಲಾಶಯ ನೋಡಿಕೊಳ್ಳುವವರು ಇದನ್ನು ಹೇಗೆ ಬಳಸಬೇಕು?

ಉತ್ತರ: ಮುನ್ಸೂಚನೆ ಸರಿಯಾಗುತ್ತದೆಯೇ ಎಂದು ಕೇಳುವ ಮೊದಲು, ಮುಂಜಾಗ್ರತೆಗೆ ತಗಲುವ ವೆಚ್ಚವೆಷ್ಟು, ಮುಂಜಾಗ್ರತೆ ವಹಿಸದಿದ್ದರೆ ಆಗುವ ನಷ್ಟವೆಷ್ಟು ಎಂದು ಕೇಳಿಕೊಳ್ಳಬೇಕು. ಬರ ಬಂದರೆ ಆಗುವ ನಷ್ಟ 100 ಪಾಲು, ಅದನ್ನು ತಪ್ಪಿಸುವ ವೆಚ್ಚ 40 ಪಾಲು ಎಂದಿಟ್ಟುಕೊಳ್ಳಿ. ಬರದ ಸಾಧ್ಯತೆ ಶೇ 40ನ್ನು ದಾಟಿದಾಗ ಮಾತ್ರ ಆ ವೆಚ್ಚ ಮಾಡುವುದು ಲಾಭದಾಯಕ. ವಾಡಿಕೆಯ ಸಾಧ್ಯತೆ ಶೇ 33 ಇರುವುದರಿಂದ ಸಾಮಾನ್ಯ ವರ್ಷಗಳಲ್ಲಿ ಸುಮ್ಮನಿರಬೇಕು; ಮುನ್ಸೂಚನೆ ಶೇ 50 ಎಂದರೆ ಕ್ರಮ ಕೈಗೊಳ್ಳಬೇಕು. ಅಂತಹ ಹತ್ತು ಋತುಗಳಲ್ಲಿ ಮುಂಜಾಗ್ರತೆಗೆ ಒಟ್ಟು 400 ಪಾಲು ಖರ್ಚಾಗುತ್ತದೆ; ಸುಮ್ಮನಿದ್ದಿದ್ದರೆ ಐದು ಸಲ ಬರ ಬಂದು 500 ಪಾಲು ನಷ್ಟವಾಗುತ್ತಿತ್ತು. ಆದರೆ ಆ ಹತ್ತರಲ್ಲಿ ಐದು ಸಲ ಬರವೇ ಬರುವುದಿಲ್ಲ, ಮಾಡಿದ ಖರ್ಚು ವ್ಯರ್ಥವೆಂದು ತೋರುತ್ತದೆ. ಆ ಐದು ಋತುಗಳನ್ನು ತಾಳಿಕೊಳ್ಳುವ ಶಕ್ತಿ ದೊಡ್ಡ ಜಲಾಶಯಕ್ಕೋ ವಿಮಾ ಸಂಸ್ಥೆಗೋ ಇರುತ್ತದೆ. ಒಂದೇ ಬೆಳೆಯನ್ನು ನಂಬಿದ ಸಣ್ಣ ಹಿಡುವಳಿದಾರನಿಗೆ ಒಂದು ವರ್ಷದ ಪೆಟ್ಟೇ ಸಾಲದ ಹೊರೆಯಾಗಬಹುದು. ಆದ್ದರಿಂದ ಮುನ್ಸೂಚನೆಯನ್ನು ನೆಚ್ಚಿ ಎಲ್ಲವನ್ನೂ ಒಂದೇ ಕಡೆ ಹಾಕುವ ಬದಲು, ಬೆಳೆಯ ಒಂದು ಭಾಗವನ್ನಷ್ಟೇ ಬದಲಿಸುವುದು, ಕಡಿಮೆ ಅವಧಿಯ ತಳಿಯ ಬೀಜವನ್ನು ಜೊತೆಗಿಟ್ಟುಕೊಳ್ಳುವುದು ಸಣ್ಣ ರೈತರಿಗೆ ಸೂಕ್ತ.

ಎಚ್ಚರಿಕೆಯ ಉದಾಹರಣೆಯೊಂದು ಆಫ್ರಿಕಾದ ದಕ್ಷಿಣದಿಂದ ಬರುತ್ತದೆ. 1997ರ ಎಲ್ ನಿನೋ ಹಿನ್ನೆಲೆಯಲ್ಲಿ ಜಿಂಬಾಬ್ವೆಯಲ್ಲಿ ಬರಗಾಲದ ಸಾಧ್ಯತೆಯ ಸುದ್ದಿ ಹರಡಿತು. ಬ್ಯಾಂಕುಗಳು ಕೃಷಿ ಸಾಲಕ್ಕೆ ಹಿಂಜರಿದವು, ರೈತರು ಬಿತ್ತನೆ ತಗ್ಗಿಸಿದರು. ಮಳೆ ಅಷ್ಟು ಕೆಡಲಿಲ್ಲ. ಸಾಧ್ಯತೆಯನ್ನು ಖಚಿತ ಸುದ್ದಿಯಾಗಿ ಹರಡಿದಾಗ ಅದರ ಭಾರ ಬೀಳುವುದು ಸಾಲ ಸಿಗದೆ ಬಿತ್ತದೇ ಉಳಿದವರ ಮೇಲೆ.

ಪ್ರಶ್ನೆ: ಪ್ರತಿ ತಿಂಗಳೂ ಮುನ್ಸೂಚನೆ ಬದಲಾಗುತ್ತದೆ. ಯಾವುದನ್ನು ಹಿಡಿಯಬೇಕು?

ಉತ್ತರ: ಕೊನೆಗೆ ಬಂದದ್ದನ್ನು. ಭಾರತದಲ್ಲಿ 2015ರ ಏಪ್ರಿಲ್‌ನಲ್ಲಿ ಮುಂಗಾರಿಗೆ ಶೇ 93 ಎಂದಿದ್ದ ಅಂದಾಜನ್ನು ಜೂನ್ ಆರಂಭದಲ್ಲಿ ಶೇ 88ಕ್ಕೆ ಇಳಿಸಲಾಯಿತು. ಆಗಿದ್ದು ಶೇ 86. ಆದರೆ 2009ರಲ್ಲಿ ಏಪ್ರಿಲ್‌ನ ಶೇ 96, ಜೂನ್‌ನಲ್ಲಿ ಶೇ 93ಕ್ಕೆ ಇಳಿದರೂ ನಡೆದದ್ದರ (ಶೇ 78) ಹತ್ತಿರಕ್ಕೆ ಬರಲಿಲ್ಲ. ದಿಕ್ಕು ಎರಡೂ ವರ್ಷ ಸರಿಯಾಗಿತ್ತು, ಪ್ರಮಾಣ ಒಂದು ವರ್ಷ ಮಾತ್ರ ಸರಿಹೋಯಿತು. ಸತತ ಎರಡು ಮೂರು ತಿಂಗಳ ಮುನ್ಸೂಚನೆಗಳು ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ, ಮತ್ತು ಬೇರೆ ಬೇರೆ ಕೇಂದ್ರಗಳ ಮಾದರಿಗಳೂ ಅದನ್ನೇ ಹೇಳುತ್ತಿದ್ದರೆ, ಆ ದಿಕ್ಕಿಗೆ ಹೆಚ್ಚು ತೂಕ ಕೊಡಬಹುದು. ಮಾದರಿಗಳು ಪರಸ್ಪರ ಒಪ್ಪದಿದ್ದರೆ ನಿರ್ಧಾರವನ್ನು ಎಷ್ಟು ತಡವಾಗಿ ಕೈಗೊಳ್ಳಲು ಸಾಧ್ಯವೋ ಅಷ್ಟು ತಡಮಾಡಿ, ಬಿತ್ತನೆಯ ಹೊತ್ತಿಗೆ ಎರಡು ವಾರಗಳ ಮುನ್ಸೂಚನೆಯನ್ನು ನೋಡಿಕೊಳ್ಳುವುದು ಒಳ್ಳೆಯದು.